ದಿನದ ಕೆಲಸಕ್ಕೆ, ಕಲಿಕೆಗೆ ನೀವು ಬಿಡದೆ ಬಳಸುವ ಆ್ಯಪ್ ಯಾವುದು?

ಹಸಿರುಪುಟ:
ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ನನ್ನ ಫೋನಿನಲ್ಲಿ ನೋಟ್ಸ್ ಬರೆಯಲು ಮೂರು ಆ್ಯಪ್ ಇವೆ. ಮಾಡಬೇಕಾದ ಕೆಲಸಗಳ ಪಟ್ಟಿಗೆ ಎರಡು. ಅಭ್ಯಾಸ ಬೆಳೆಸಿಕೊಳ್ಳಲು ಒಂದು, ಟೈಮರ್ ಒಂದು, ಆಮೇಲೆ ಓದೋಣ ಅಂತ ಲೇಖನ ಎತ್ತಿಡಲು ಇನ್ನೊಂದು. ಹೋದ ವಾರ ಒಂದು ಕೋರ್ಸಿಗೆ ಅರ್ಜಿ ಹಾಕುವ ಕೊನೆಯ ದಿನ ತಪ್ಪಿಹೋಯಿತು. ಬರೆದಿಟ್ಟಿರಲಿಲ್ಲ ಅಂತಲ್ಲ, ಬರೆದಿದ್ದೆ. ಯಾವುದರಲ್ಲಿ ಬರೆದಿದ್ದೆ ಅನ್ನೋದೇ ನೆನಪಾಗಲಿಲ್ಲ. ಎರಡು ದಿನ ತುಂಬಾ ಬೇಜಾರಾಗಿತ್ತು.

ಇನ್ನೊಂದು ತೊಂದರೆ ಕಲಿಕೆಯದ್ದು. ಕೆಲಸ ಮುಗಿದ ಮೇಲೆ ರಾತ್ರಿ ಸಂಖ್ಯಾಶಾಸ್ತ್ರ ಕಲಿಯುತ್ತಿದ್ದೇನೆ. ವಿಡಿಯೋ ನೋಡುವಾಗ ಎಲ್ಲ ಅರ್ಥವಾಗುತ್ತದೆ. ನೋಟ್ಸ್ ಕೂಡ ನೀಟಾಗಿ ಮಾಡುತ್ತೇನೆ. ಒಂದು ತಿಂಗಳು ಬಿಟ್ಟು ಕೇಳಿದರೆ ಏನೂ ನೆನಪಿರುವುದಿಲ್ಲ.

"ಟಾಪ್ ಹತ್ತು ಆ್ಯಪ್" ತರಹದ ಪಟ್ಟಿ ದಯವಿಟ್ಟು ಬೇಡ. ಅಂಥವನ್ನು ಓದಿಯೇ ಇಷ್ಟೆಲ್ಲ ತುಂಬಿಕೊಂಡದ್ದು. ಕನಿಷ್ಠ ಒಂದು ವರ್ಷ ಬಿಡದೆ ಬಳಸಿದ್ದನ್ನು ಮಾತ್ರ ಹೇಳಿ. ಯಾಕೆ ಬಿಡಲಿಲ್ಲ ಅನ್ನೋದನ್ನೂ ಹೇಳಿ.

ರಾತ್ರಿಪಾಳಿ:
ತಾರೀಕು ಇರುವ ಯಾವ ವಿಷಯವೂ ನೋಟ್ಸಿಗೆ ಹೋಗಬಾರದು, ನೇರ ಕ್ಯಾಲೆಂಡರಿಗೆ ಹೋಗಬೇಕು. ಫೋನಿನ ಜೊತೆ ಬಂದ ಕ್ಯಾಲೆಂಡರೇ ಸಾಕು. ಎರಡು ರಿಮೈಂಡರ್ ಇಡಿ: ಒಂದು ವಾರ ಮೊದಲು ಒಂದು, ಹಿಂದಿನ ದಿನ ಒಂದು.

ಹಳೇಕೀಲಿಮಣೆ:
ಒಂದು ಟೆಕ್ಸ್ಟ್ ಫೈಲ್. ಒಂಬತ್ತು ವರ್ಷದಿಂದ ಅದೇ ಫೈಲ್.

ಹೊಸದು ಮೇಲೆ, ಹಳೆಯದು ಕೆಳಗೆ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಎಫ್5 ಒತ್ತಿದರೆ ದಿನಾಂಕ, ಸಮಯ ತಾನಾಗಿ ಬೀಳುತ್ತದೆ. ಅದರ ಕೆಳಗೆ ಬರೆಯುತ್ತೇನೆ. ಬೇಕಾದಾಗ ಹುಡುಕುತ್ತೇನೆ. ಫೋಲ್ಡರ್ ಇಲ್ಲ, ಬಣ್ಣ ಇಲ್ಲ, ಲಾಗಿನ್ ಇಲ್ಲ. ಕಂಪ್ಯೂಟರ್ ಮೂರು ಬಾರಿ ಬದಲಾಯಿತು, ಫೈಲ್ ಹಾಗೇ ಇದೆ. ಇಷ್ಟೇ ನನ್ನ ವ್ಯವಸ್ಥೆ.

ಸಾವಿರಕೊಂಡಿ:
ಒಂದೇ ಫೈಲಿನಲ್ಲಿ ಒಂಬತ್ತು ವರ್ಷದ್ದು ಇದ್ದರೆ ಒಂದು ವಿಷಯಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ಹೇಗೆ ಕಾಣುತ್ತದೆ ಸರ್? ಹುಡುಕಬೇಕು ಅಂದರೆ ಏನು ಹುಡುಕಬೇಕು ಅನ್ನೋದು ಮೊದಲೇ ಗೊತ್ತಿರಬೇಕು ಅಲ್ವಾ?

ನಾನು ನಾಲ್ಕು ವರ್ಷದಿಂದ ಅಬ್ಸಿಡಿಯನ್ ಅನ್ನುವ ನೋಟ್ಸ್ ಆ್ಯಪ್ ಬಳಸುತ್ತಿದ್ದೇನೆ. ಒಂದು ನೋಟಿನಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು. ಇವತ್ತು ಏನೋ ಓದುವಾಗ, ಎರಡು ವರ್ಷದ ಹಿಂದೆ ಬರೆದದ್ದು ಎದುರಿಗೆ ಬಂದು ನಿಲ್ಲುತ್ತದೆ. ನನಗೆ ಅದು ಬಹಳ ದೊಡ್ಡ ಸಹಾಯ. ನಿಕ್ಲಾಸ್ ಲೂಮನ್ ಅಂತ ಒಬ್ಬ ಜರ್ಮನ್ ಸಮಾಜಶಾಸ್ತ್ರಜ್ಞರಿದ್ದರು. ಕಂಪ್ಯೂಟರ್ ಇಲ್ಲದೆ ಸುಮಾರು 90,000 ಚೀಟಿ ಬರೆದು, ಪ್ರತಿ ಚೀಟಿಗೂ ನಂಬರ್ ಕೊಟ್ಟು, ಒಂದರಲ್ಲಿ ಇನ್ನೊಂದರ ನಂಬರ್ ಬರೆದು ಜೋಡಿಸಿದ್ದರು. ಇದೂ ಅದೇ ದಾರಿ.

ಹಳೇಕೀಲಿಮಣೆ:
ಲೂಮನ್ ಆ ಚೀಟಿಗಳಿಂದ ಜೀವನಪೂರ್ತಿ ಪುಸ್ತಕ ಬರೆದರು. ಅವರ ಕೆಲಸಕ್ಕೆ ಅದು ಬೇಕಿತ್ತು. ಇಲ್ಲಿ ಕೇಳಿದವರಿಗೆ ಅರ್ಜಿಯ ಕೊನೆಯ ದಿನ ಮರೆಯದಂತೆ ಆಗಬೇಕಾಗಿದೆ. ಅದಕ್ಕೆ ಕೊಂಡಿಗಳ ಬಲೆ ಯಾಕೆ? ನನಗೆ ಗೊತ್ತಿರುವ ಇಬ್ಬರು ವಾರಗಟ್ಟಲೆ ಅದಕ್ಕೆ ಥೀಮ್, ಪ್ಲಗಿನ್ ಅನ್ನುವ ಹೆಚ್ಚುವರಿ ಭಾಗಗಳನ್ನು ಜೋಡಿಸುವುದರಲ್ಲೇ ಕಳೆದರು. ಬರೆದದ್ದು ಏನೂ ಇಲ್ಲ.

ಸಾವಿರಕೊಂಡಿ:
ಪ್ಲಗಿನ್ ಹುಚ್ಚು ನಿಜ, ಒಪ್ಪುತ್ತೇನೆ. ನಾನು ಬಳಸುವುದು ಎರಡೇ ಪ್ಲಗಿನ್. ಇನ್ನೊಂದು ಮಾತು. ಅದರ ಒಳಗಿರುವುದೂ ನಿಮ್ಮ ತರಹದ ಟೆಕ್ಸ್ಟ್ ಫೈಲುಗಳೇ. ಮಾರ್ಕ್‌ಡೌನ್ ಅನ್ನುತ್ತಾರೆ. ಜಾನ್ ಗ್ರೂಬರ್ 2004ರಲ್ಲಿ ಮಾಡಿದ ಸರಳ ಬರವಣಿಗೆಯ ಕ್ರಮ ಅದು. ಆ್ಯಪ್ ನಾಳೆ ಇಲ್ಲದಿದ್ದರೂ ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ನಾವಿಬ್ಬರೂ ಅಷ್ಟೇನೂ ದೂರ ಇಲ್ಲ ಸರ್.

ದಾರಿಹೋಕ:
ಅಬ್ಸಿಡಿಯನ್ ಓಪನ್ ಸೋರ್ಸ್ ಅಲ್ವಾ?

ಸಾವಿರಕೊಂಡಿ:
ಅಲ್ಲ. ಉಚಿತ, ಆದರೆ ಓಪನ್ ಸೋರ್ಸ್ ಅಲ್ಲ, ಅಂದರೆ ಅದರ ಮೂಲ ಕೋಡನ್ನು ಎಲ್ಲರೂ ನೋಡಿ ಬದಲಿಸುವಂತೆ ಬಿಟ್ಟಿಲ್ಲ. ಅದು ಮುಖ್ಯ ಅನ್ನಿಸಿದರೆ ಜಾಪ್ಲಿನ್ ಅಥವಾ ಲಾಗ್‌ಸೀಕ್ ನೋಡಿ.

ಲೆಕ್ಕದಮೇಷ್ಟ್ರು:
ಎಲ್ಲರೂ ನೋಟ್ಸ್ ಎಲ್ಲಿಡಬೇಕು ಅಂತ ಹೇಳುತ್ತಿದ್ದೀರಿ. ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕಲಿತದ್ದು ಒಂದು ತಿಂಗಳಲ್ಲಿ ಯಾಕೆ ಹೋಗುತ್ತದೆ?

ಹೋಗುವುದೇ ಅದರ ಸ್ವಭಾವ ಅಮ್ಮಾ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವವರು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತಮ್ಮ ಮೇಲೆಯೇ ಅಳೆದುಕೊಂಡರು. 1885ರಲ್ಲೇ ಅದನ್ನು ಪ್ರಕಟಿಸಿದರು. ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಜಾರಿಹೋಗುತ್ತದೆ, ಆಮೇಲೆ ಮರೆಯುವ ವೇಗ ಇಳಿಯುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ಒಮ್ಮೆ ನೆನಪಿಸಿಕೊಂಡರೆ, ಮುಂದಿನ ಸಲ ಇನ್ನೂ ಜಾಸ್ತಿ ದಿನ ಉಳಿಯುತ್ತದೆ.

ಈ ಕೆಲಸವನ್ನೇ ಆಂಕಿ ಅನ್ನುವ ತಂತ್ರಾಂಶ ಮಾಡುತ್ತದೆ. 2006ರಿಂದ ಇದೆ. ಚೀಟಿಯ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ನೋಡಿ, ಮನಸ್ಸಿನಲ್ಲೇ ಉತ್ತರ ಹೇಳಿ, ತಿರುಗಿಸಿ, ಸುಲಭವೋ ಕಷ್ಟವೋ ಅಂತ ಒತ್ತಿ. ಸುಲಭವಾದದ್ದು ವಾರ ಬಿಟ್ಟು ಬರುತ್ತದೆ, ಆಮೇಲೆ ತಿಂಗಳು, ಆಮೇಲೆ ಆರು ತಿಂಗಳು. ಗೊತ್ತಾಗದೇ ಹೋದದ್ದು ಕೂಡಲೇ ವಾಪಸ್ ಬರುತ್ತದೆ. ಆರು ವರ್ಷದಿಂದ ದಿನಾ ಬೆಳಗ್ಗೆ ಹದಿನೈದು ನಿಮಿಷ ಮಾಡುತ್ತಿದ್ದೇನೆ. ಐವತ್ತು ದಾಟಿದ ಮೇಲೆ ಇದರಿಂದಲೇ ಒಂದು ಹೊಸ ಭಾಷೆಯ ಲಿಪಿ ಕಲಿತೆ.

ಒಂದು ಎಚ್ಚರಿಕೆ. ದಿನಕ್ಕೆ 20 ಹೊಸ ಚೀಟಿ ಅಂತ ಅದರಲ್ಲಿ ಮೊದಲೇ ಇಟ್ಟಿರುತ್ತಾರೆ. ಶುರುವಿನಲ್ಲಿ ಅದು ಜಾಸ್ತಿ. ಇವತ್ತಿನ 20 ಅಲ್ಲಿಗೇ ಮುಗಿಯುವುದಿಲ್ಲ, ಮುಂದಿನ ವಾರಗಳಲ್ಲಿ ಅವೇ ಪುನರಾವರ್ತನೆಗೆ ಬಂದು ರಾಶಿ ಬೀಳುತ್ತವೆ. ಹೆಚ್ಚಿನವರು ಬಿಡುವುದು ಆ ರಾಶಿ ನೋಡಿ. 5ಕ್ಕೆ ಇಳಿಸಿ ಶುರುಮಾಡಿ.

ಹೊಸಹೆಜ್ಜೆ:
ಮೇಷ್ಟ್ರೇ, ಹೆಸರು ಅಂಕಿಯಾ? ಲೆಕ್ಕದ ಅಂಕಿಯಾ? ದುಡ್ಡು ಕೊಡಬೇಕಾ?

ಲೆಕ್ಕದಮೇಷ್ಟ್ರು:
ನಮ್ಮ ಅಂಕಿ ಅಲ್ಲಪ್ಪಾ. ಜಪಾನಿ ಭಾಷೆಯಲ್ಲಿ ಬಾಯಿಪಾಠ ಮಾಡುವುದಕ್ಕೆ ಆಂಕಿ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಉಚಿತ. ಆಂಡ್ರಾಯ್ಡಿನಲ್ಲಿ ಆಂಕಿಡ್ರಾಯ್ಡ್, ಅದೂ ಉಚಿತ, ಬೇರೆ ಸ್ವಯಂಸೇವಕರ ತಂಡ ಮಾಡಿದ್ದು. ಐಫೋನಿನದಕ್ಕೆ ಮಾತ್ರ ಒಮ್ಮೆ ದುಡ್ಡು ಕೊಡಬೇಕು. ಹೆಸರು ಹತ್ತಿರ ಇರುವ ಬೇರೆ ಆ್ಯಪ್‌ಗಳೂ ಇವೆ, ನೋಡಿಕೊಂಡು ಹಾಕಿಕೊಳ್ಳಿ.

ಎಣಿಕೆಯಹುಡುಗ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಳೆಯ ಆಂಕಿ ದಿನಗಳನ್ನು ಲೆಕ್ಕ ಹಾಕುತ್ತಿದ್ದದ್ದು ಸೂಪರ್‌ಮೆಮೋ ಅನ್ನುವ ಇಂಥದೇ ಹಳೆಯ ತಂತ್ರಾಂಶದ 80ರ ದಶಕದ ಸೂತ್ರದಿಂದ. 2023ರ ಕೊನೆಯಿಂದ ಎಫ್‌ಎಸ್‌ಆರ್‌ಎಸ್ ಅಂತ ಹೊಸ ಲೆಕ್ಕ ಬಂದಿದೆ. ಸೆಟ್ಟಿಂಗಿನಲ್ಲಿ ಆನ್ ಮಾಡಿ. ನೀವು ಎಷ್ಟು ಮರೆಯುತ್ತೀರಿ ಅನ್ನೋದನ್ನು ನಿಮ್ಮ ಉತ್ತರಗಳಿಂದಲೇ ಕಲಿತು ದಿನ ಹಾಕುತ್ತದೆ. ನನಗೆ ದಿನದ ಚೀಟಿಗಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಬೀಟೆಮರ:
ನನಗೆ ಆಂಕಿ ಒಗ್ಗಲಿಲ್ಲ. ಪದಗಳಿಗೆ, ಸೂತ್ರಗಳಿಗೆ ಸರಿ. ಒಂದು ವಿಷಯ ಯಾಕೆ ಹಾಗೆ ಅಂತ ಅರ್ಥ ಮಾಡಿಕೊಳ್ಳಲು ಚೀಟಿ ಸಾಕಾಗುವುದಿಲ್ಲ. ನಾನು ಓದಿದ್ದನ್ನು ಫೋನಿನ ರೆಕಾರ್ಡರಿಗೆ ಐದು ನಿಮಿಷ ಪಾಠ ಮಾಡಿದ ಹಾಗೆ ಹೇಳುತ್ತೇನೆ. ಎಲ್ಲಿ ತಡವರಿಸುತ್ತೇನೋ ಅಲ್ಲಿ ಗೊತ್ತಿಲ್ಲ ಅಂತ ಅರ್ಥ.

ಲೆಕ್ಕದಮೇಷ್ಟ್ರು:
ಇದು ಒಳ್ಳೆಯ ಮಾತು. ಮೊದಲು ಅರ್ಥ ಮಾಡಿಕೊಳ್ಳಬೇಕು, ಚೀಟಿ ಆಮೇಲೆ. ಅರ್ಥವಾಗದ್ದನ್ನು ಚೀಟಿಗೆ ಹಾಕಿದರೆ ಗಿಳಿಪಾಠ ಆಗುತ್ತದೆ. ಗಣಿತಕ್ಕಾದರೆ ಜಿಯೋಜೀಬ್ರಾ, ಡೆಸ್ಮೋಸ್ ಬಳಸಿ. ಸಮೀಕರಣದ ಒಂದು ಸಂಖ್ಯೆಯನ್ನು ಬೆರಳಿನಲ್ಲಿ ಎಳೆದರೆ ಗೆರೆ ಕಣ್ಣೆದುರೇ ಬಾಗುತ್ತದೆ. ನಾನು ಎಷ್ಟು ವರ್ಷ ಬೋರ್ಡಿನ ಮೇಲೆ ವಿವರಿಸಿದರೂ ಆಗದಿದ್ದದ್ದು ಮಕ್ಕಳಿಗೆ ಅದರಲ್ಲಿ ಎರಡು ನಿಮಿಷಕ್ಕೆ ಹೊಳೆದದ್ದನ್ನು ಕಂಡಿದ್ದೇನೆ.

ಕಿಟಕಿಪಕ್ಕ:
ಯಾವ ಆ್ಯಪ್ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಾನು ಬರೆದದ್ದನ್ನು ಹೊರಗೆ ತೆಗೆಯಲು ಆಗುತ್ತದಾ?

ನಾಲ್ಕು ವರ್ಷ ಒಂದು ಆ್ಯಪಿನಲ್ಲಿ ಬರೆದಿದ್ದೆ. ಹೆಸರು ಬೇಡ. ಅಮ್ಮ ಕಾಯಿಲೆ ಬಿದ್ದಾಗಿನ ದಿನಚರಿ, ಔಷಧಿ ಯಾವಾಗ ಬದಲಾಯಿತು, ಡಾಕ್ಟರ್ ಏನು ಹೇಳಿದರು, ಎಲ್ಲ ಅದರಲ್ಲಿತ್ತು. ಒಂದು ದಿನ ಉಚಿತ ಬಳಕೆಯ ನಿಯಮ ಬದಲಾಯಿಸಿದರು. ಹೊರಗೆ ತೆಗೆಯಲು ಹೋದರೆ ಒಂದೊಂದು ಪುಟವೂ ಚಿತ್ರವಾಗಿ ಬಂತು. ದಿನಾಂಕವೇ ಇಲ್ಲ, ಹುಡುಕಲೂ ಆಗುವುದಿಲ್ಲ. ಮೂರು ಭಾನುವಾರ ಕೂತು ಮುಖ್ಯವಾದದ್ದನ್ನು ಕೈಯಾರೆ ಮತ್ತೆ ಟೈಪ್ ಮಾಡಿದೆ. ಉಳಿದದ್ದು ಹೋಯಿತು.

ಅದಕ್ಕೇ ಹೇಳುತ್ತೇನೆ. ಹೊಸ ಆ್ಯಪ್ ಹಾಕಿಕೊಂಡ ದಿನವೇ ಎರಡು ಸಾಲು ಬರೆಯಿರಿ, ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲನ್ನು ಬೇರೆ ಕಡೆ ತೆರೆದು ನೋಡಿ. ತೆರೆದುಕೊಂಡರೆ ಮುಂದುವರಿಯಿರಿ.

ಹಳೇಕೀಲಿಮಣೆ:
ನಿಮ್ಮ ಅನುಭವ ಓದಿ ಸಂಕಟವಾಯಿತು ಮೇಡಂ. ದೊಡ್ಡ ಕಂಪನಿಯದು ಅಂದ ಮಾತ್ರಕ್ಕೆ ಉಳಿಯುತ್ತದೆ ಅಂತಲೂ ಅಲ್ಲ. ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈಯಲ್ಲಿ ನಿಂತಿತು. ಕೆಲಸಗಳ ಪಟ್ಟಿಯ ಆ್ಯಪ್ ವಂಡರ್‌ಲಿಸ್ಟ್ ಮೈಕ್ರೋಸಾಫ್ಟ್ ಕೈಗೆ ಹೋಗಿ 2020ರ ಮೇಯಲ್ಲಿ ಮುಚ್ಚಿತು. ಲೇಖನ ಎತ್ತಿಡುವ ಪಾಕೆಟ್ 2025ರ ಜುಲೈಯಲ್ಲಿ ಮುಚ್ಚಿತು. ಮೂರಕ್ಕೂ ಬಳಕೆದಾರರು ಬೇಕಾದಷ್ಟಿದ್ದರು.

ಹಸಿರುಪುಟ:
ಓದಬೇಕಾದ ಲೇಖನಗಳಿಗೆ ನಾನು ಬಳಸುವ ಆ್ಯಪಿನಲ್ಲಿ ಈಗಷ್ಟೇ ಎಕ್ಸ್‌ಪೋರ್ಟ್ ಹುಡುಕಿದೆ. ಇಲ್ಲವೇ ಇಲ್ಲ. 600 ಲೇಖನ ಇವೆ ಅದರಲ್ಲಿ.

ದಾರಿಹೋಕ:
600ರಲ್ಲಿ ಎಷ್ಟು ಓದಿದ್ದೀರಿ ಅಕ್ಕಾ?

ಹಸಿರುಪುಟ:
ನಲವತ್ತು ಇರಬಹುದು.

ರಾತ್ರಿಪಾಳಿ:
ಹಾಗಾದರೆ ಇವತ್ತಿಗೂ ಬೇಕು ಅನ್ನಿಸುವ ಹತ್ತನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಬ್ರೌಸರಿನಲ್ಲಿ ಪ್ರಿಂಟ್ ಒತ್ತಿ, ಪ್ರಿಂಟರ್ ಬದಲು ಪಿಡಿಎಫ್ ಆರಿಸಿದರೆ ಆಯಿತು. ಕೋರ್ಸಿಗೆ ಸಂಬಂಧಪಟ್ಟ ಪೇಪರುಗಳಾದರೆ ಜೊಟೇರೋ ಹಾಕಿಕೊಳ್ಳಿ. 2006ರಿಂದ ಇದೆ, ಉಚಿತ, ಓಪನ್ ಸೋರ್ಸ್. ಪುಟದಿಂದಲೇ ಲೇಖಕರು, ವರ್ಷ, ಶೀರ್ಷಿಕೆ ಎಲ್ಲ ತಾನೇ ಎತ್ತಿಕೊಳ್ಳುತ್ತದೆ.

ಸಾವಿರಕೊಂಡಿ:
ಫೈಲು ನಮ್ಮ ಹತ್ತಿರವೇ ಇರಬೇಕು ಅನ್ನುವವರಿಗೆ ಸಿಂಕ್‌ಥಿಂಗ್ ಹೇಳುತ್ತೇನೆ. ಫೋನು, ಲ್ಯಾಪ್‌ಟಾಪ್ ಎರಡರ ನಡುವೆ ನೇರವಾಗಿ ಫೋಲ್ಡರ್ ಸರಿಹೊಂದಿಸುತ್ತದೆ. ಮಧ್ಯದಲ್ಲಿ ಯಾರ ಸರ್ವರಿನಲ್ಲೂ ಫೈಲ್ ಕೂರುವುದಿಲ್ಲ. ಬ್ಯಾಕಪ್ ಚಿಂತೆಯೂ ಮುಗಿಯಿತು.

ರಾತ್ರಿಪಾಳಿ:
ತಪ್ಪು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ದಯವಿಟ್ಟು ಯಾರೂ ಇದನ್ನು ಒಂದೇ ಅಂದುಕೊಳ್ಳಬೇಡಿ. ಫೋನಿನಲ್ಲಿ ಕೈತಪ್ಪಿ ಅಳಿಸಿದರೆ ಎರಡು ನಿಮಿಷದಲ್ಲಿ ಲ್ಯಾಪ್‌ಟಾಪಿನಲ್ಲೂ ಅಳಿದಿರುತ್ತದೆ. ಸಿಂಕ್‌ಥಿಂಗಿನಲ್ಲಿ ಹಳೆಯ ಪ್ರತಿ ಉಳಿಸುವ ಆಯ್ಕೆ ಇದೆ, ಆದರೆ ನಾವೇ ಆನ್ ಮಾಡಬೇಕು.

ನಾನು ಸರ್ವರುಗಳ ಕೆಲಸದಲ್ಲಿದ್ದೇನೆ. ರಾತ್ರಿ ಮೂರು ಗಂಟೆಗೆ ಜನ ಫೋನ್ ಮಾಡುವುದು ಬಹುತೇಕ ಇದೇ ವಿಷಯಕ್ಕೆ. ನಮ್ಮಲ್ಲಿ 3-2-1 ಅನ್ನುತ್ತೇವೆ. ಮೂರು ಪ್ರತಿ, ಎರಡು ಬೇರೆ ಬೇರೆ ತರಹದ ಜಾಗದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಮನೆಯ ಬಳಕೆಗೆ ಲ್ಯಾಪ್‌ಟಾಪ್, ಒಂದು ಹಾರ್ಡ್‌ಡಿಸ್ಕ್, ಒಂದು ಕ್ಲೌಡ್ ಸಾಕು. ಹಾರ್ಡ್‌ಡಿಸ್ಕನ್ನು ಕಾಪಿ ಆದ ಮೇಲೆ ಕಿತ್ತು ಪಕ್ಕಕ್ಕಿಡಿ. ವರ್ಷಕ್ಕೊಮ್ಮೆಯಾದರೂ ಅದರಿಂದ ಒಂದು ಫೈಲ್ ವಾಪಸ್ ತೆಗೆದು ನೋಡಿ.

ಸಾವಿರಕೊಂಡಿ:
ಒಪ್ಪಿದೆ. ಹಳೆಯ ಪ್ರತಿ ಉಳಿಸುವುದನ್ನು ಈಗಲೇ ಆನ್ ಮಾಡಿದೆ. ಥ್ಯಾಂಕ್ಸ್.

ಬೆರಳಕಣ್ಣು:
ತಡವಾಗಿ ಬರುತ್ತಿದ್ದೇನೆ. ನನಗೆ ದೃಷ್ಟಿ ಇಲ್ಲ. ಈ ಚರ್ಚೆಯನ್ನೂ ಎನ್‌ವಿಡಿಎ ಅನ್ನುವ, ಪರದೆಯ ಮೇಲಿನದ್ದನ್ನು ಧ್ವನಿಯಲ್ಲಿ ಹೇಳುವ ತಂತ್ರಾಂಶ ಓದಿ ಹೇಳುತ್ತಿದೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರುಮಾಡಿದ್ದು. ಅವರಿಗೂ ದೃಷ್ಟಿ ಇಲ್ಲ. ಉಚಿತವಾಗಿ ಕೊಟ್ಟಿದ್ದಾರೆ. ನನ್ನ ಓದು, ಕೆಲಸ ಎರಡೂ ಇದರ ಮೇಲೆಯೇ ನಿಂತಿವೆ. ಹಾಗಾಗಿ ನನ್ನ ಮೆಚ್ಚಿನ ತಂತ್ರಾಂಶ ಯಾವುದು ಅಂದರೆ ಎರಡನೇ ಮಾತೇ ಇಲ್ಲ.

ನೀವೆಲ್ಲ ಚಂದ ಅನ್ನುವ ಎಷ್ಟೋ ಆ್ಯಪ್‌ಗಳು ನನಗೆ "ಬಟನ್, ಬಟನ್, ಬಟನ್" ಅಂತಷ್ಟೇ ಕೇಳಿಸುತ್ತವೆ. ಬಟನ್ನಿಗೆ ಹೆಸರು ಕೊಟ್ಟಿರುವುದಿಲ್ಲ. ಎಳೆದು ಬಿಡುವ ಕಾರ್ಡುಗಳು, ಬಣ್ಣದಿಂದ ಮಾತ್ರ ಗೊತ್ತಾಗುವ ಗುರುತು, ಇವು ನನಗೆ ಇಲ್ಲದ ಹಾಗೆಯೇ. ಕೀಲಿಮಣೆ ಸರ್ ಹೇಳಿದ ಟೆಕ್ಸ್ಟ್ ಫೈಲ್ ಪೂರ್ತಿ ಕೆಲಸ ಮಾಡುತ್ತದೆ. ಇನ್ನೊಂದು ವಿನಂತಿ. ನೋಟ್ಸ್ ಹಂಚುವಾಗ ಫೋಟೋ ಕಳಿಸಬೇಡಿ. ಫೋಟೋ ತೆಗೆದ ಪುಟದಲ್ಲಿ ನನ್ನ ಯಂತ್ರಕ್ಕೆ ಅಕ್ಷರವೇ ಕಾಣುವುದಿಲ್ಲ. ಗೂಗಲ್ ಲೆನ್ಸ್ ತರಹದ್ದರಿಂದ ಅಕ್ಷರ ಎತ್ತಿ, ಒಮ್ಮೆ ತಿದ್ದಿ ಕಳಿಸಿದರೆ ಬಹಳ ಉಪಕಾರ.

ಕಿಟಕಿಪಕ್ಕ:
ನಾನು ಇಷ್ಟು ದಿನ ಗುಂಪಿಗೆ ಫೋಟೋನೇ ಕಳಿಸುತ್ತಿದ್ದೆ. ಇನ್ನು ಮೇಲೆ ಅಕ್ಷರ ಮಾಡಿಯೇ ಕಳಿಸುತ್ತೇನೆ.

ಎಣಿಕೆಯಹುಡುಗ:
ನಾನು ಒಂದು ಸಣ್ಣ ಆ್ಯಪ್ ಬರೆದು ಹಂಚಿದ್ದೇನೆ. ಈಗ ಎನ್‌ವಿಡಿಎ ಹಾಕಿಕೊಂಡು, ಕಣ್ಣು ಮುಚ್ಚಿ ಬಳಸಿ ನೋಡಿದೆ. ನೀವು ಹೇಳಿದ ಹಾಗೇ ಇದೆ, ನಾಲ್ಕು ಬಟನ್ನಿಗೆ ಹೆಸರಿಲ್ಲ. ಈ ವಾರ ಸರಿಮಾಡುತ್ತೇನೆ. ಒಮ್ಮೆ ಪರೀಕ್ಷೆ ಮಾಡಿಕೊಡುತ್ತೀರಾ?

ಬೆರಳಕಣ್ಣು:
ಖಂಡಿತ. ಕಳಿಸಿ.

ಹೊಸಹೆಜ್ಜೆ:
ಸ್ವಲ್ಪ ಬೇರೆ ವಿಷಯ. ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಪಟ್ಟಿಯಾಗಿ ಬರುತ್ತದೆ. ಮೊದಲ ಸಲ ಆನ್ ಮಾಡು ಅಂತ ಕೇಳುತ್ತದೆ. ಇದು ಗೊತ್ತಾಗಿ ನನ್ನ ಕೆಲಸ ಎಷ್ಟು ಹಗುರ ಆಯಿತು ಅಂದರೆ ಹೇಳತೀರದು. ಇಂಥ ಸಣ್ಣವು ಇನ್ನೂ ಇದ್ದರೆ ಹೇಳಿ.

ದಾರಿಹೋಕ:
ಎವೆರಿಥಿಂಗ್ ಅಂತ ಒಂದಿದೆ. ವಿಂಡೋಸಿಗೆ. ಫೈಲಿನ ಹೆಸರಿನ ಎರಡು ಅಕ್ಷರ ಟೈಪ್ ಮಾಡುವಷ್ಟರಲ್ಲಿ ಇಡೀ ಡಿಸ್ಕಿನಲ್ಲಿ ಎಲ್ಲಿದೆ ಅಂತ ತೋರಿಸುತ್ತದೆ.

ರಾತ್ರಿಪಾಳಿ:
ಕ್ಲಿಪ್‌ಬೋರ್ಡ್ ಪಟ್ಟಿ ಒಳ್ಳೆಯದೇ. ಆದರೆ ಪಾಸ್‌ವರ್ಡ್ ಕಾಪಿ ಮಾಡಿದರೆ ಅದೂ ಅಲ್ಲಿ ಕೂರಬಹುದು. ಪಾಸ್‌ವರ್ಡುಗಳನ್ನು ನೋಟ್ಸಿನಲ್ಲಿ ಇಡುವವರು ಈಗಲೇ ಬಿಟ್ಟುಬಿಡಿ. ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿ ಬಳಸಿ. ಎರಡೂ ಓಪನ್ ಸೋರ್ಸ್. ಬಿಟ್‌ವಾರ್ಡನ್ ಎಲ್ಲ ಸಾಧನಗಳಲ್ಲೂ ತಾನೇ ಸಿಂಕ್ ಆಗುತ್ತದೆ. ಕೀಪಾಸ್‌ಎಕ್ಸ್‌ಸಿಯಲ್ಲಿ ಬೀಗ ಹಾಕಿದ ಒಂದು ಫೈಲ್ ನಿಮ್ಮ ಹತ್ತಿರ ಇರುತ್ತದೆ, ಕಾಪಾಡುವುದು ನಿಮ್ಮ ಕೆಲಸ. ಮುಖ್ಯ ಪಾಸ್‌ವರ್ಡ್ ಮಾತ್ರ ಕಾಗದದಲ್ಲಿ ಬರೆದು ಭದ್ರವಾಗಿಡಿ.

ಬೀಟೆಮರ:
ಟೈಮರ್ ಬಗ್ಗೆ ಯಾರೂ ಮಾತಾಡಲಿಲ್ಲ. ಪೊಮೊಡೋರೊ ಬಳಸುವವರು ಇದ್ದೀರಾ? 25 ನಿಮಿಷ ಕೆಲಸ, 5 ನಿಮಿಷ ಬಿಡುವು.

ಎಣಿಕೆಯಹುಡುಗ:
ನನಗೆ ಆಗುವುದಿಲ್ಲ. ಕೋಡ್ ತಲೆಯಲ್ಲಿ ಕೂರುವುದಕ್ಕೇ 20 ನಿಮಿಷ ಬೇಕು. ಕೂತಿತು ಅನ್ನುವಾಗ ಗಂಟೆ ಹೊಡೆಯುತ್ತದೆ. ಸಿಟ್ಟು ಬರುತ್ತದೆ.

ಬೀಟೆಮರ:
25 ಅನ್ನೋದು ಶಾಸನ ಅಲ್ಲ. ಫ್ರಾಂಚೆಸ್ಕೊ ಚಿರಿಲ್ಲೊ 80ರ ದಶಕದ ಕೊನೆಗೆ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಮಾಡಿದ ಕ್ರಮ ಇದು. ನಿಮಗೆ 50 ನಿಮಿಷ ಸರಿ ಅನ್ನಿಸಿದರೆ 50 ಇಡಿ. ನನಗೆ ಇದು ಉಪಯೋಗವಾಗುವುದು ಶುರುಮಾಡಲು ಮನಸ್ಸೇ ಬರದ ಕೆಲಸಕ್ಕೆ.

ಕಿಟಕಿಪಕ್ಕ:
ಮನೆಯಲ್ಲಿ ಚಿಕ್ಕ ಮಗು ಇದ್ದರೆ 25 ನಿಮಿಷವೂ ಸಿಗುವುದಿಲ್ಲ. ನಾನು 10 ಇಡುತ್ತೇನೆ. ಹತ್ತರಲ್ಲಿ ಒಂದು ಪುಟ ಓದಿದರೂ ಆ ದಿನ ನನ್ನ ಪಾಲಿಗೆ ಒಳ್ಳೆಯ ದಿನ.

ಹೊಸಹೆಜ್ಜೆ:
ಮತ್ತೆ ಎಐ ಚಾಟ್? ಎಲ್ಲದಕ್ಕೂ ಅದನ್ನೇ ಕೇಳಿದರೆ ಆಯಿತಲ್ಲ.

ಲೆಕ್ಕದಮೇಷ್ಟ್ರು:
ಪಾಠದ ಸಾರಾಂಶ ಮಾಡಿಕೊಡು ಅಂದರೆ ಮಾಡಿಕೊಡುತ್ತದೆ. ಆದರೆ ಸಾರಾಂಶ ಮಾಡುವಾಗ ನಡೆಯುವ ಯೋಚನೆಯೇ ಕಲಿಕೆ. ಅದನ್ನು ಬೇರೆಯವರಿಗೆ ಒಪ್ಪಿಸಿಬಿಟ್ಟರೆ ನಿನಗೆ ಉಳಿಯುವುದು ಏನು ಮಗೂ? ಅದನ್ನು ಬೇರೆ ತರಹ ಬಳಸು. ನನ್ನನ್ನು ಪ್ರಶ್ನೆ ಕೇಳು, ಉತ್ತರ ಹೇಳಬೇಡ ಅನ್ನು. ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ, ಹಾಗಾಗಿ ಪುಸ್ತಕ ಪಕ್ಕದಲ್ಲಿರಲಿ.

ಹೊಸಹೆಜ್ಜೆ:
ಪ್ರಶ್ನೆ ಕೇಳಿಸಿಕೊಳ್ಳುವುದು ಹೊಳೆದೇ ಇರಲಿಲ್ಲ ಮೇಷ್ಟ್ರೇ. ಇವತ್ತೇ ಮಾಡುತ್ತೇನೆ.

ಹಸಿರುಪುಟ:
ಎರಡು ದಿನ ಕೂತು ಎಲ್ಲ ಉತ್ತರ ಓದಿದೆ. ಆರು ಆ್ಯಪ್ ತೆಗೆದುಹಾಕಿದೆ. ಎರಡರಿಂದ ಎಕ್ಸ್‌ಪೋರ್ಟ್ ಚೆನ್ನಾಗಿ ಬಂತು. ಒಂದರಿಂದ ಬರಲಿಲ್ಲ, ಕೈಯಲ್ಲೇ ಕಾಪಿ ಮಾಡಿದೆ. ಲೇಖನಗಳಲ್ಲಿ ಹನ್ನೊಂದು ಪಿಡಿಎಫ್ ಆದವು. ಟೈಮರ್ ಇರಲಿ ಅಂತ ಬಿಟ್ಟಿದ್ದೇನೆ. ತಾರೀಕೆಲ್ಲ ಕ್ಯಾಲೆಂಡರಿಗೆ ಹೋದವು. ಉಳಿದದ್ದಕ್ಕೆ ಒಂದು ಟೆಕ್ಸ್ಟ್ ಫೈಲ್. ಸಾವಿರಕೊಂಡಿ ಅವರೇ, ಬೇಸರ ಮಾಡಿಕೊಳ್ಳಬೇಡಿ, ನೋಟ್ಸ್ ಜಾಸ್ತಿಯಾದಾಗ ನಿಮ್ಮ ದಾರಿಗೆ ಬರುತ್ತೇನೆ.

ಆಂಕಿಯಲ್ಲಿ ಮೊದಲ ಚೀಟಿ ಮಾಡಿದೆ. ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಷನ್ ಬಗ್ಗೆ; ಅದರ ವರ್ಗವೇ ವೇರಿಯನ್ಸ್. ಮೇಷ್ಟ್ರೇ, ನೋಡಿ ಹೇಳಿ: "ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದರೇನು? ಸೂತ್ರ, ಉಪಯೋಗ ತಿಳಿಸಿ. ವೇರಿಯನ್ಸಿಗೂ ಅದಕ್ಕೂ ಏನು ವ್ಯತ್ಯಾಸ?"

ಸಾವಿರಕೊಂಡಿ:
ಬೇಸರ ಏನಿಲ್ಲ ಮೇಡಂ. ಟೆಕ್ಸ್ಟ್ ಫೈಲಿನಲ್ಲಿ ಬರೆದಿರುವುದರಿಂದ ಆಮೇಲೆ ತರುವುದೂ ಸುಲಭ.

ಲೆಕ್ಕದಮೇಷ್ಟ್ರು:
ಇದು ಚೀಟಿ ಅಲ್ಲಮ್ಮಾ, ಪರೀಕ್ಷೆಯ ಹತ್ತು ಅಂಕದ ಪ್ರಶ್ನೆ. ಅರ್ಧ ನೆನಪಾದರೆ ಸುಲಭ ಅಂತ ಒತ್ತುತ್ತೀರೋ ಕಷ್ಟ ಅಂತಲೋ? ಒಂದು ಚೀಟಿಗೆ ಒಂದೇ ವಿಷಯ ಇರಬೇಕು. ಉತ್ತರ ಒಂದು ಉಸಿರಿನಲ್ಲಿ ಮುಗಿಯಬೇಕು. ಒಡೆದು ಬನ್ನಿ.

ಹಸಿರುಪುಟ:
ಒಡೆದೆ.

ವೇರಿಯನ್ಸ್ 49 ಆದರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಎಷ್ಟು? 7.
ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದರೆ ವೇರಿಯನ್ಸ್ ಯಾವುದರಲ್ಲಿ ಬರುತ್ತದೆ? ಚದರ ಸೆಂಟಿಮೀಟರ್.
ಎಲ್ಲ ಸಂಖ್ಯೆಗೂ 10 ಕೂಡಿದರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಎಷ್ಟು ಬದಲಾಗುತ್ತದೆ? ಬದಲಾಗುವುದಿಲ್ಲ.

ಮೂರನೆಯದಕ್ಕೆ ಯಾಕೆ ಬದಲಾಗುವುದಿಲ್ಲ ಅಂತ ಬೀಟೆಮರ ಅವರು ಹೇಳಿದ ಹಾಗೆ ರೆಕಾರ್ಡರಿಗೆ ಹೇಳಿನೋಡಿದೆ. ಎರಡನೇ ಸಲಕ್ಕೆ ತಡವರಿಸದೆ ಬಂತು. ಸಂಖ್ಯೆಗಳೆಲ್ಲ ಒಟ್ಟಿಗೆ ಸರಿಯುತ್ತವೆ, ಸರಾಸರಿಯೂ ಜೊತೆಗೇ ಸರಿಯುತ್ತದೆ, ನಡುವಿನ ದೂರ ಹಾಗೇ ಇರುತ್ತದೆ.

ಲೆಕ್ಕದಮೇಷ್ಟ್ರು:
ಸರಿಯಾಗಿದೆ. ಇನ್ನೊಂದು ಸೇರಿಸಿ: ಎಲ್ಲವನ್ನೂ 2ರಿಂದ ಗುಣಿಸಿದರೆ? ಉತ್ತರ ನಾನು ಹೇಳುವುದಿಲ್ಲ. ನಾಳೆ ಬೆಳಗ್ಗೆ ಚೀಟಿ ಮುಗಿಸಿ ಇಲ್ಲೇ ಬರೆಯಿರಿ.